ಬೀದರಿನ ನಾನಕ್ ಝೀರಾ: ಕೆಂಪು ಕಲ್ಲಿನ ಕೆಳಗಿನ ಸಿಹಿನೀರಿನ ಕಥೆ

ಬೀದರ್ ಕೋಟೆ ನೋಡಲು ಬೆಂಗಳೂರು, ಮೈಸೂರು ಕಡೆಯಿಂದ ಬರುವ ನೆಂಟರು ಸಂಜೆ ಹೊತ್ತಿಗೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಇಲ್ಲೊಂದು ದೊಡ್ಡ ಗುರುದ್ವಾರ ಇದೆಯಂತಲ್ಲ, ನಾವೂ ಒಳಗೆ ಹೋಗಬಹುದಾ?" ಹೋಗಬಹುದು ಎಂದರೆ ಮತ್ತೆರಡು ಪ್ರಶ್ನೆ ಹಿಂದೆಯೇ ಬರುತ್ತವೆ. ಪಂಜಾಬಿನ ಗುರು ಇಷ್ಟು ದೂರ ಯಾಕೆ ಬಂದರು? ಅಲ್ಲಿನ ನೀರಿಗೆ ಅಷ್ಟೊಂದು ಮಹತ್ವ ಯಾಕೆ? ಕಾರ್ತಿಕ ಹುಣ್ಣಿಮೆಯ ಗುರುನಾನಕ್ ಜಯಂತಿ ಹತ್ತಿರವಾದಾಗ, ಬಣ್ಣಬಣ್ಣದ ಪೇಟ ತೊಟ್ಟವರು ಕುಟುಂಬ ಸಮೇತ ಬೀದರಿನ ಬೀದಿಗಳಲ್ಲಿ ಕಾಣತೊಡಗಿದಾಗ, ಈ ಪ್ರಶ್ನೆಗಳು ಊರಿನವರಿಗೂ ಹೊಸದಾಗಿ ಎದುರಾಗುತ್ತವೆ.

ಉತ್ತರ ಹೇಳಹೊರಟರೆ ಮೂರು ಬೇರೆ ಬೇರೆ ಎಳೆಗಳನ್ನು ಹಿಡಿಯಬೇಕು. ಒಂದು ಭಕ್ತರು ಹೇಳುತ್ತ ಬಂದ ಕಥೆ. ಇನ್ನೊಂದು ಕಾಗದಪತ್ರ, ಕಟ್ಟಡಗಳಲ್ಲಿ ಸಿಗುವ ಇತಿಹಾಸ. ಮೂರನೆಯದು ಬೀದರಿನ ನೆಲ. ಮೂರನೆಯದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಆದರೆ ಮಿಕ್ಕ ಎರಡನ್ನೂ ಹಿಡಿದು ನಿಲ್ಲಿಸಿರುವುದು ಅದೇ ಎಂದು ನನಗೆ ಅನಿಸುತ್ತದೆ.

ಮೊದಲು ಒಂದಿಷ್ಟು ಪದಗಳು

ಸಿಖ್ ಎಂಬ ಪದಕ್ಕೆ ಕಲಿಯುವವನು, ಶಿಷ್ಯ ಎಂದು ಅರ್ಥ. ಸಂಸ್ಕೃತದ ಶಿಷ್ಯ ಎಂಬುದೇ ಪಂಜಾಬಿ ನಾಲಿಗೆಯಲ್ಲಿ ಸಿಖ್ ಆಗಿದೆ. ಶಿಷ್ಯರಿದ್ದ ಮೇಲೆ ಗುರು ಇರಬೇಕು. ಸಿಖ್ಖರಿಗೆ ಹತ್ತು ಮಂದಿ ಗುರುಗಳು. ಮೊದಲನೆಯವರು 1469ರಲ್ಲಿ ಹುಟ್ಟಿದ ಗುರುನಾನಕರು, ಹತ್ತನೆಯವರು 1708ರಲ್ಲಿ ನಾಂದೇಡಿನಲ್ಲಿ ದೇಹ ಬಿಟ್ಟ ಗುರು ಗೋವಿಂದ ಸಿಂಗರು. ತಮ್ಮ ನಂತರ ಯಾವ ವ್ಯಕ್ತಿಯೂ ಗುರುವಾಗುವುದಿಲ್ಲ, ಗ್ರಂಥವೇ ಗುರು ಎಂದು ಅವರು ಸಾರಿದರು. ಹಾಗಾಗಿ 'ಗುರು ಗ್ರಂಥ ಸಾಹಿಬ್' ಅವರ ಪಾಲಿಗೆ ಬರೀ ಪುಸ್ತಕವಾಗಿ ಉಳಿದಿಲ್ಲ. ಬದುಕಿರುವ ಗುರುವಿಗೆ ಸಲ್ಲುವ ಮರ್ಯಾದೆಯೆಲ್ಲ ಅದಕ್ಕೆ ಸಲ್ಲುತ್ತದೆ. ಬೆಳಗ್ಗೆ ತೆರೆಯುತ್ತಾರೆ, ಚಾಮರ ಬೀಸುತ್ತಾರೆ, ರಾತ್ರಿ ರೇಷ್ಮೆ ಬಟ್ಟೆ ಹೊದಿಸಿ ಪ್ರತ್ಯೇಕ ಕೋಣೆಯಲ್ಲಿ ವಿಶ್ರಾಂತಿಗೆ ಇಡುತ್ತಾರೆ.

1430 ಪುಟಗಳ ಆ ಗ್ರಂಥದಲ್ಲಿ ಸಿಖ್ ಗುರುಗಳ ಪದಗಳಷ್ಟೇ ಇಲ್ಲ. ನೇಯ್ಗೆಯ ಕಬೀರ, ಚಮ್ಮಾರ ರವಿದಾಸ, ಸೂಫಿ ಶೇಖ್ ಫರೀದ್ ಅವರ ಪದಗಳೂ ಇವೆ. ನಮ್ಮ ಬೀದರಿಗೆ ನೆರೆಯಾದ ಮರಾಠಿ ಸೀಮೆಯ ಸಂತ ನಾಮದೇವರ ಪದಗಳೂ ಇವೆ.

ಗುರುದ್ವಾರ ಎಂದರೆ ಗುರುವಿನ ಬಾಗಿಲು. ಗುರು ಗ್ರಂಥ ಸಾಹಿಬ್ ಎಲ್ಲಿದೆಯೋ ಅದು ಗುರುದ್ವಾರ. ಒಳಗೆ ವಿಗ್ರಹ ಇರುವುದಿಲ್ಲ. ಅಲ್ಲಿ ಸೇರುವ ಜನ 'ಸಂಗತ್', ಸಾಲಾಗಿ ನೆಲದ ಮೇಲೆ ಕೂತು ಉಣ್ಣುವುದು 'ಪಂಗತ್', ಆ ಊಟ 'ಲಂಗರ್'. ಸಂಗತ್ ನಮ್ಮ ಸಂಗ, ಪಂಗತ್ ನಮ್ಮ ಪಂಕ್ತಿ. ಕನ್ನಡಿಗರಿಗೆ ಈ ಪದಗಳನ್ನು ಬಾಯಿಪಾಠ ಮಾಡುವ ಕಷ್ಟವೇ ಇಲ್ಲ.

ಝೀರಾ ಎಂದರೇನು? ಅಡುಗೆಗೆ ಹಾಕುವ ಜೀರಿಗೆ ಎಂದುಕೊಂಡವರನ್ನೂ ನಾನು ಕಂಡಿದ್ದೇನೆ. ಝೀರಾ ಎಂದರೆ ನೀರಿನ ಒರತೆ. ಕನ್ನಡದ ಝರಿ, ಬೀದರಿನದೇ ಆದ ಝರಣಿ ನರಸಿಂಹ ಕ್ಷೇತ್ರದ ಝರಣಿ, ಎಲ್ಲವೂ ಒಂದೇ ಬುಡದಿಂದ ಹುಟ್ಟಿದ ಪದಗಳು. ನಾನಕ್ ಝೀರಾ ಸಾಹಿಬ್ ಎಂದರೆ ನಾನಕರ ಒರತೆ ಇರುವ ಪೂಜ್ಯ ಸ್ಥಳ.

ನಾನಕರು ಈ ಕಡೆ ಬಂದದ್ದು ಯಾಕೆ?

ನಾನಕರು ಹುಟ್ಟಿದ್ದು ಲಾಹೋರಿನ ಹತ್ತಿರದ ತಲವಂಡಿ ಎಂಬ ಹಳ್ಳಿಯಲ್ಲಿ. ಈಗ ಅದು ಪಾಕಿಸ್ತಾನದಲ್ಲಿದೆ, ಅವರ ಹೆಸರಿನಿಂದಲೇ ನನ್ಕಾನಾ ಸಾಹಿಬ್ ಎಂದು ಕರೆಸಿಕೊಳ್ಳುತ್ತದೆ. ತಂದೆ ಊರಿನ ಲೆಕ್ಕಪತ್ರ ನೋಡುತ್ತಿದ್ದವರು, ನಮ್ಮ ಶಾನುಭೋಗರ ಹಾಗೆ. ಮಗನೂ ಸುಲ್ತಾನ್‌ಪುರದಲ್ಲಿ ನವಾಬನ ಉಗ್ರಾಣದ ಲೆಕ್ಕಕ್ಕೆ ಸೇರಿದರು. ಒಂದು ದಿನ ಬೆಳಗ್ಗೆ ಊರ ಹೊಳೆಗೆ ಸ್ನಾನಕ್ಕೆ ಇಳಿದವರು ಮೂರು ದಿನ ಕಾಣಲಿಲ್ಲವಂತೆ. ಮರಳಿ ಬಂದಾಗ ಅವರ ಬಾಯಿಂದ ಹೊರಟ ಮಾತು, "ಹಿಂದೂ ಎಂಬವನಿಲ್ಲ, ಮುಸಲ್ಮಾನ ಎಂಬವನಿಲ್ಲ."

ಅಲ್ಲಿಂದ ಮುಂದೆ ನೌಕರಿ ಬಿಟ್ಟು ವರ್ಷಗಟ್ಟಲೆ ನಡೆದರು. ಈ ಸಂಚಾರಗಳಿಗೆ 'ಉದಾಸಿ' ಎನ್ನುತ್ತಾರೆ. ಪೂರ್ವಕ್ಕೆ ಒಂದು, ದಕ್ಷಿಣಕ್ಕೆ ಒಂದು, ಉತ್ತರದ ಹಿಮಾಲಯದತ್ತ ಒಂದು, ಪಶ್ಚಿಮಕ್ಕೆ ಮೆಕ್ಕಾ, ಬಾಗ್ದಾದ್ ಕಡೆಗೆ ಒಂದು. ಬೀದರಿಗೆ ಬಂದದ್ದು ಶ್ರೀಲಂಕೆಯವರೆಗೆ ಹೋದರೆಂದು ಹೇಳುವ ದಕ್ಷಿಣದ ಉದಾಸಿಯಲ್ಲಿ. 16ನೇ ಶತಮಾನದ ಎರಡನೇ ದಶಕ, ಅಂದರೆ 1510ರ ನಂತರದ ಕೆಲವು ವರ್ಷಗಳು ಎಂದು ಸಂಪ್ರದಾಯ ಲೆಕ್ಕ ಹಾಕುತ್ತದೆ. ನರ್ಮದೆಯ ದಡದ ಓಂಕಾರೇಶ್ವರ, ನಾಂದೇಡ್, ಗೋಲ್ಕೊಂಡ, ಆಮೇಲೆ ಬೀದರ್ ಎಂದು ದಾರಿಯನ್ನೂ ಹೇಳುತ್ತದೆ.

ಜೊತೆಗಿದ್ದವರು ಭಾಯಿ ಮರ್ದಾನಾ. ಹುಟ್ಟಿನಿಂದ ಮುಸಲ್ಮಾನರು, ರಬಾಬ್ ಎಂಬ ತಂತಿವಾದ್ಯ ನುಡಿಸುವ ಕುಲದವರು. ನಾನಕರು ಪದ ಹಾಡಿದರೆ ಮರ್ದಾನಾ ನುಡಿಸುವುದು. ತಂಬೂರಿ ಹಿಡಿದು ಊರೂರಿಗೆ ಹೋಗುವ ನಮ್ಮ ತತ್ವಪದಕಾರರನ್ನು ನೆನೆಸಿಕೊಂಡರೆ ಈ ಜೋಡಿಯ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಆಗಿನ ಬೀದರ್ ಹೇಗಿತ್ತು?

ಆ ಬೀದರ್ ಕಳೆಗುಂದುತ್ತಿದ್ದ ರಾಜಧಾನಿ. ಬಹಮನಿ ಸುಲ್ತಾನರು ಕಲಬುರಗಿಯಿಂದ ಇಲ್ಲಿಗೆ ಬಂದು ನೂರು ವರ್ಷ ಸಮೀಪಿಸುತ್ತಿತ್ತು. ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗವಾನನನ್ನು 1481ರಲ್ಲಿ ಕೊಂದ ಮೇಲೆ ರಾಜ್ಯ ಒಳಗಿನಿಂದ ಸೀಳತೊಡಗಿತ್ತು. ನಾನಕರು ಬಂದರೆಂದು ಹೇಳುವ ಹೊತ್ತಿಗೆ ಸಿಂಹಾಸನದ ಮೇಲೆ ಹೆಸರಿಗೆ ಬಹಮನಿ ಸುಲ್ತಾನ, ಅಧಿಕಾರವೆಲ್ಲ ಬರೀದ್ ಮನೆತನದ ಕೈಯಲ್ಲಿ. ಕೋಟೆಯೊಳಗೆ ಈ ಜಗ್ಗಾಟ ನಡೆದಿದ್ದಾಗ ಕೋಟೆಯ ಹೊರಗೆ ಸೂಫಿಗಳು, ಫಕೀರರು ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಇರಾನಿನಿಂದ ಬಂದ ಸಂತ ಶಾ ನಿಅಮತುಲ್ಲಾ ಅವರ ಮನೆತನದವರ ಗೋರಿ, 'ಚೌಖಂಡಿ', ಅಷ್ಟೂರಿನ ದಾರಿಯಲ್ಲಿ ಈಗಲೂ ಇದೆ. ಸಾಧುಸಂತರು ಬಂದುಹೋಗುವ ಊರಾಗಿ ಬೀದರ್ ಆಗಲೇ ಹೆಸರಾಗಿತ್ತು. ನಮ್ಮ ಕಥೆ ಶುರುವಾಗುವುದೂ ಫಕೀರರ ಗುಡಿಸಲಿನಿಂದಲೇ.

ಭಕ್ತರು ಹೇಳುವ ಕಥೆ

ನಾನಕರು ಮತ್ತು ಮರ್ದಾನಾ ಊರ ಹೊರಗೆ, ಮೂರು ಕಡೆ ಕೆಂಪು ಗುಡ್ಡಗಳಿದ್ದ ತಗ್ಗಿನಲ್ಲಿ ಬಂದು ಕೂತರು. ಮರ್ದಾನಾ ರಬಾಬ್ ಮೀಟಿದರು, ನಾನಕರು ಹಾಡಿದರು. ಹತ್ತಿರದ ಗುಡಿಸಲುಗಳಲ್ಲಿದ್ದ ಫಕೀರರ ಕಿವಿಗೆ ಹಾಡು ಬಿತ್ತು. ಪೀರ್ ಜಲಾಲುದ್ದೀನ್, ಯಾಕೂಬ್ ಅಲಿ ಎಂದು ಅವರಲ್ಲಿ ಇಬ್ಬರ ಹೆಸರನ್ನು ಸಂಪ್ರದಾಯ ಉಳಿಸಿಕೊಂಡಿದೆ. ಅವರು ಬಂದರು, ಕೇಳುತ್ತ ಕೂತರು. ಸುದ್ದಿ ಊರಿಗೆ ಮುಟ್ಟಿ ಜನ ಬರತೊಡಗಿದರು.

ಬಂದ ಅತಿಥಿಗೆ ಮೊದಲು ಕೊಡುವುದು ನೀರು. ಉತ್ತರ ಕರ್ನಾಟಕದ ಯಾವ ಮನೆಗೆ ಹೋದರೂ ಮೊದಲು ಒಂದು ತಂಬಿಗೆ ನೀರು ಮುಂದೆ ಬರುತ್ತದಲ್ಲ, ಹಾಗೆ. ಆದರೆ ಕೊಡಲು ಕುಡಿಯುವ ನೀರೇ ಇರಲಿಲ್ಲ. ಬಾವಿ ತೋಡಿದರೆ ನೀರು ಸಿಗುತ್ತಿರಲಿಲ್ಲ, ಸಿಕ್ಕರೂ ಸವಳು. ಜನ ತಮ್ಮ ಕಷ್ಟ ತೋಡಿಕೊಂಡರು. ನಾನಕರು "ಸತ್ ಕರ್ತಾರ್", ಅಂದರೆ ಸೃಷ್ಟಿಕರ್ತನೇ ಸತ್ಯ, ಎಂದು ಹೇಳಿ ತಮ್ಮ ಮರದ ಪಾದುಕೆಯಿಂದ ಒಂದು ಕಲ್ಲನ್ನು ಸರಿಸಿ ಅದರಡಿಯ ಮಣ್ಣು, ಜಲ್ಲಿ ಕೆದರಿದರು. ಅಲ್ಲಿಂದ ತಣ್ಣನೆಯ ಸಿಹಿನೀರು ಚಿಮ್ಮಿತು. ಇವತ್ತಿಗೂ ಹರಿಯುತ್ತಿರುವ ಒರತೆ ಅದೇ ಎಂದು ಭಕ್ತರು ನಂಬುತ್ತಾರೆ. ಆ ನೀರು ತುಂಬುವ ಕೊಳವೇ ಗುರುದ್ವಾರದ ಎದುರಿನ 'ಅಮೃತ ಕುಂಡ'.

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಯಾರೂ ಸೋಲುವುದಿಲ್ಲ ಎಂಬುದು. ಪವಾಡದ ಕಥೆಗಳಲ್ಲಿ ಬಹಳ ಸಲ ಒಬ್ಬ ಎದುರಾಳಿ ಇರುತ್ತಾನೆ. ಅವನ ಗರ್ವಭಂಗಕ್ಕೇ ಪವಾಡ ನಡೆಯುತ್ತದೆ. ನಾನಕರದೇ ಇನ್ನೊಂದು ನೀರಿನ ಕಥೆ ಪಾಕಿಸ್ತಾನದ ಹಸನ್ ಅಬ್ದಾಲ್‌ನ ಪಂಜಾ ಸಾಹಿಬಿನಲ್ಲಿದೆ. ಅಲ್ಲಿ ಬೆಟ್ಟದ ಮೇಲಿನ ವಲಿ ಕಂಧಾರಿ ಎಂಬಾತ ನೀರು ಕೊಡಲು ಒಲ್ಲೆ ಎನ್ನುತ್ತಾನೆ, ಬಂಡೆ ಉರುಳಿಸುತ್ತಾನೆ, ನಾನಕರು ಅದನ್ನು ಅಂಗೈಯಿಂದ ತಡೆಯುತ್ತಾರೆ. ಬೀದರಿನ ಕಥೆಯಲ್ಲಿ ಅಂಥ ಎದುರಾಳಿ ಇಲ್ಲ. ಫಕೀರರೇ ಮೊದಲ ಕೇಳುಗರು, ನೀರು ಸಿಕ್ಕಿದ್ದು ಎಲ್ಲರಿಗೂ.

ಇದರಲ್ಲಿ ಇತಿಹಾಸ ಎಷ್ಟು?

ನಾನಕರ ಬದುಕಿನ ವಿವರ ನಮಗೆ ಸಿಗುವುದು 'ಜನಮ್‌ಸಾಖಿ'ಗಳಿಂದ. ಜನಮ್ ಎಂದರೆ ಜನ್ಮ, ಸಾಖಿ ಎಂದರೆ ಸಾಕ್ಷಿ. ಕಂಡು ಕೇಳಿದ ಜೀವನಕಥೆಗಳ ಸಂಗ್ರಹ ಎನ್ನಬಹುದು. ಇವು ಬರಹಕ್ಕಿಳಿದದ್ದು ನಾನಕರು 1539ರಲ್ಲಿ ಕರ್ತಾರ್‌ಪುರದಲ್ಲಿ ತೀರಿಕೊಂಡ ದಶಕಗಳ ನಂತರ. ಒಂದಕ್ಕಿಂತ ಹೆಚ್ಚು ಪಾಠಗಳಿವೆ, ಅವು ಒಂದಕ್ಕೊಂದು ಹೊಂದುವುದಿಲ್ಲ. ಹುಟ್ಟಿದ ತಿಂಗಳ ವಿಷಯದಲ್ಲೇ ವೈಶಾಖ ಎನ್ನುವವು, ಕಾರ್ತಿಕ ಎನ್ನುವವು ಎರಡೂ ಇವೆ. ಹಬ್ಬ ಮಾತ್ರ ಕಾರ್ತಿಕ ಹುಣ್ಣಿಮೆಗೇ ನೆಲೆ ನಿಂತಿದೆ. ಸಂಚಾರಗಳ ದಾರಿ, ವರ್ಷಗಳ ಬಗ್ಗೆಯೂ ಹೀಗೆಯೇ.

ಕನ್ನಡಿಗರಿಗೆ ಇದು ಹೊಸ ತೊಡಕೇನೂ ಅಲ್ಲ. ಬಸವಣ್ಣನವರು ಇದ್ದರು, ವಚನ ಬರೆದರು, ಕಲ್ಯಾಣದಲ್ಲಿ ದೊಡ್ಡದೊಂದು ನಡೆಯಿತು. ಇವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅವರ ಸುತ್ತ ಪುರಾಣಕಾವ್ಯಗಳು ಕಟ್ಟಿದ ಪವಾಡಗಳನ್ನು ಓದುವಾಗ ನಾವು ಇನ್ನೊಂದು ಕಣ್ಣು ಇಟ್ಟುಕೊಳ್ಳುತ್ತೇವೆ. ನಾನಕರು ದೂರದೂರಕ್ಕೆ ನಡೆದವರು ಎಂಬುದು ಸಿಖ್ ನೆನಪಿನ ಅತ್ಯಂತ ಹಳೆಯ ಪದರದಲ್ಲೇ ಇದೆ. ಅದೇ ತಿಂಗಳು ಅದೇ ಕಲ್ಲು ಸರಿಸಿದರು ಎಂಬುದನ್ನು ದಾಖಲೆಯಿಂದ ತೋರಿಸಲು ಬರುವುದಿಲ್ಲ. ಅದು ನಂಬಿಕೆಯ ಮಾತು. ಆ ನಂಬಿಕೆ ಶತಮಾನಗಳ ಕಾಲ ಜನರನ್ನು ಪಂಜಾಬಿನಿಂದ ಇಲ್ಲಿಗೆ ನಡೆಸಿಕೊಂಡು ಬಂದಿದೆ ಎಂಬುದು ಮಾತ್ರ ಇತಿಹಾಸವೇ.

ನೆಲ ಏನು ಹೇಳುತ್ತದೆ?

ಈಗ ಮೂರನೇ ಎಳೆ. ಬೀದರ್ ಪಟ್ಟಣ ಕೂತಿರುವುದು ಎರಡು ಸಾವಿರ ಅಡಿಗೂ ಎತ್ತರದ ಒಂದು ಚಪ್ಪಟೆ ಗುಡ್ಡದ ಮೇಲೆ. ಮೇಲಿನ ಪದರ ಪೂರ್ತಿ ಜಂಬಿಟ್ಟಿಗೆ ಕಲ್ಲು. ಕರಾವಳಿಯವರು ಮುರಕಲ್ಲು ಎನ್ನುವುದು ಇದನ್ನೇ. ತುಕ್ಕಿನ ಬಣ್ಣ, ಮೈತುಂಬ ತೂತು. ಬೀದರ್ ಕೋಟೆಯ ಕಂದಕವನ್ನು ಈ ಕಲ್ಲಿನಲ್ಲೇ ಕೊರೆದಿದ್ದಾರೆ, ನೋಡಿದವರಿಗೆ ಬಣ್ಣ ನೆನಪಿರುತ್ತದೆ. ಇದರ ಕೆಳಗೆ ನುಣುಪಾದ ಜೇಡಿಯ ಪದರ, ಕರಾವಳಿಯಲ್ಲಿ ಶೇಡಿ ಮಣ್ಣು ಎನ್ನುವಂಥದ್ದು. ಅದರ ಕೆಳಗೆ ದಖ್ಖನ್ ಪ್ರಸ್ಥಭೂಮಿಯ ಕರಿಕಲ್ಲು.

ಒಂದು ಸ್ಟೀಲ್ ತಟ್ಟೆಯ ಮೇಲೆ ದಪ್ಪ ರಸ್ಕ್ ಇಟ್ಟು ಮೇಲಿನಿಂದ ಚಮಚದಲ್ಲಿ ನೀರು ಹಾಕುತ್ತ ಹೋಗಿ. ರಸ್ಕ್ ನೀರು ಕುಡಿಯುತ್ತದೆ. ತಟ್ಟೆ ನೀರನ್ನು ಕೆಳಗೆ ಬಿಡುವುದಿಲ್ಲ. ಕೊನೆಗೆ ನೀರು ರಸ್ಕಿನ ಅಂಚಿನಿಂದ ಒಸರತೊಡಗುತ್ತದೆ. ಬೀದರಿನಲ್ಲಿ ಆಗುವುದೂ ಇಷ್ಟೇ. ಮಳೆನೀರು ಜಂಬಿಟ್ಟಿಗೆಯ ತೂತು ಬಿರುಕುಗಳಲ್ಲಿ ಇಳಿಯುತ್ತದೆ, ಜೇಡಿಗೆ ಬಂದು ತಡೆಯುತ್ತದೆ, ಆಮೇಲೆ ಅಡ್ಡ ಹರಿದು ಗುಡ್ಡದ ಅಂಚು ಕತ್ತರಿಸಿದಂತಿರುವ ತಗ್ಗುಗಳಲ್ಲಿ ಹೊರಗೆ ಬರುತ್ತದೆ. ನಾನಕ್ ಝೀರಾ ಇರುವುದು ಅಂಥದೇ ತಗ್ಗಿನಲ್ಲಿ, ಮೂರು ಕಡೆ ಜಂಬಿಟ್ಟಿಗೆ ಗುಡ್ಡ.

ಇದೊಂದೇ ಒರತೆಯೂ ಅಲ್ಲ. ಪಾಪನಾಶ ಶಿವಾಲಯದ ಬಳಿ ಒಂದು ಒರತೆ ಇದೆ. ಝರಣಿ ನರಸಿಂಹನ ದರ್ಶನಕ್ಕೆ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕು. ಆ ನೀರೂ ಇದೇ ಕಲ್ಲಿನಿಂದ ಇಳಿದದ್ದು. ನೌಬಾದಿನಲ್ಲಿ ಬಹಮನಿ ಕಾಲದ 'ಕರೇಜ್' ಇದೆ, ಊರವರು ಸುರಂಗ ಬಾವಿ ಎನ್ನುತ್ತಾರೆ. ಇರಾನಿನ ವಿದ್ಯೆ ಅದು. ಸಾಲಾಗಿ ಬಾವಿ ತೋಡಿ, ಅವುಗಳ ತಳವನ್ನು ಸುರಂಗದಿಂದ ಜೋಡಿಸಿ, ಇಳಿಜಾರಿನಲ್ಲಿ ನೀರು ತಾನಾಗಿಯೇ ಊರ ಕಡೆ ಹರಿಯುವಂತೆ ಮಾಡುವುದು. ಪುತ್ತೂರು, ಬಂಟ್ವಾಳ, ಕಾಸರಗೋಡು ಕಡೆ ಗುಡ್ಡ ಕೊರೆದು ಅಡಿಕೆ ತೋಟಕ್ಕೆ ನೀರು ತರುವ ಸುರಂಗಗಳಿಗೂ ಇದಕ್ಕೂ ತತ್ವ ಒಂದೇ, ಕಲ್ಲೂ ಒಂದೇ ಜಾತಿಯದು.

ಒಂದೇ ಗುಡ್ಡದ ಅಂಚಿನ ನೀರಿಗೆ ಶೈವರು ಪಾಪನಾಶ ಎಂದು, ವೈಷ್ಣವರು ನರಸಿಂಹ ಎಂದು, ಸಿಖ್ಖರು ನಾನಕ್ ಝೀರಾ ಎಂದು ಕೈಮುಗಿದಿದ್ದಾರೆ. ಸುಲ್ತಾನರು ಅದಕ್ಕಾಗಿ ಭೂಮಿಯೊಳಗೆ ಕಾಲುವೆ ತೋಡಿದ್ದಾರೆ.

ಕಥೆಯ ಒಂದು ವಿವರ ಇಲ್ಲಿ ತೆರೆದುಕೊಳ್ಳುತ್ತದೆ. ಗುಡ್ಡದ ಮೇಲೆ ಬಾವಿ ತೋಡುವವನು ಜಂಬಿಟ್ಟಿಗೆಯ ದಪ್ಪ ಪದರವನ್ನೆಲ್ಲ ಒಡೆಯಬೇಕು. ಸರಿಯಾದ ತಗ್ಗು ಗೊತ್ತಿದ್ದವನಿಗೆ ಒಂದು ಕಲ್ಲು ಸರಿಸಿದರೆ ಸಾಕು. ಇಷ್ಟರಿಂದ ಪವಾಡ ನಡೆಯಲಿಲ್ಲ ಎಂದೋ ನಡೆಯಿತು ಎಂದೋ ಸಾಬೀತಾಗುವುದಿಲ್ಲ. ಕಥೆ ಈ ನೆಲಕ್ಕೆ ಎಷ್ಟು ಹೊಂದುತ್ತದೆ ಎಂಬುದು ಮಾತ್ರ ತಿಳಿಯುತ್ತದೆ. ಗಾಳಿ ಗುರು, ನೀರು ತಂದೆ, ಈ ದೊಡ್ಡ ಭೂಮಿ ತಾಯಿ ಎಂದು ಹಾಡಿದವರು ನಾನಕರು. ಆ ತಂದೆ ಬತ್ತದಿರಬೇಕಾದರೆ ಮೇಲಿನ ಗುಡ್ಡದ ಮೇಲೆ ಬಿದ್ದ ಮಳೆ ಕಲ್ಲಿನೊಳಗೆ ಇಳಿಯಲು ಜಾಗ ಇರಲೇಬೇಕು. ಕಾಂಕ್ರೀಟು, ಡಾಂಬರು ಹಾಕಿ ಮುಚ್ಚಿದಷ್ಟೂ ಕೆಳಗಿನ ಒರತೆ ಸೊರಗುತ್ತದೆ.

ಬೀದರಿನಿಂದ ಹೋದವರು: ಭಾಯಿ ಸಾಹಿಬ್ ಸಿಂಗ್

ಪಂಜಾಬಿನಿಂದ ಬೀದರಿಗೆ ಬಂದ ಕಥೆ ಆಯಿತು. ಬೀದರಿನಿಂದ ಪಂಜಾಬಿಗೆ ಹೋದ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಪಂಜಾಬಿನ ಮಕ್ಕಳಿಗೆ ಗೊತ್ತು. ಅರ್ದಾಸ್, ಅಂದರೆ ಎಲ್ಲ ಗುರುದ್ವಾರಗಳಲ್ಲೂ ಪ್ರತಿದಿನ ನಿಂತು ಮಾಡುವ ಪ್ರಾರ್ಥನೆಯಲ್ಲಿ 'ಪಂಜ್ ಪ್ಯಾರೆ', ಐವರು ಪ್ರಿಯರು ಎಂಬ ಸ್ಮರಣೆ ಬರುತ್ತದೆ. ಆ ಐವರಲ್ಲಿ ಒಬ್ಬರು ಬೀದರಿನವರು.

1699ರ ವೈಶಾಖಿ ಹಬ್ಬ. ಆನಂದಪುರದಲ್ಲಿ ಸಾವಿರಾರು ಜನ ಸೇರಿದ್ದಾರೆ. ಗುರು ಗೋವಿಂದ ಸಿಂಗರು ಹಿರಿದ ಕತ್ತಿ ಹಿಡಿದು ಬಂದು, ಧರ್ಮಕ್ಕಾಗಿ ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳುತ್ತಾರೆ. ಸಭೆ ಸ್ತಬ್ಧ. ಲಾಹೋರಿನ ದಯಾರಾಮ ಏಳುತ್ತಾರೆ. ಗುರುಗಳು ಅವರನ್ನು ಡೇರೆಯೊಳಗೆ ಕರೆದೊಯ್ದು, ರಕ್ತ ಮೆತ್ತಿದ ಕತ್ತಿಯೊಡನೆ ಹೊರಬಂದು ಮತ್ತೆ ಕೇಳುತ್ತಾರೆ. ಹಸ್ತಿನಾಪುರದ ಧರಮ್ ದಾಸ್, ಪುರಿ ಜಗನ್ನಾಥದ ಹಿಮ್ಮತ್ ರಾಯ್, ದ್ವಾರಕೆಯ ಮೋಹಕಮ್ ಚಂದ್ ಒಬ್ಬೊಬ್ಬರಾಗಿ ಹೋಗುತ್ತಾರೆ. ಐದನೆಯ ಕರೆಗೆ ಎದ್ದವರು ಬೀದರಿನ ಸಾಹಿಬ್ ಚಂದ್, ಕ್ಷೌರಿಕ ಮನೆತನದವರು. ತಂದೆ ಗುರುನಾರಾಯಣ, ತಾಯಿ ಅಂಕಮ್ಮ ಎಂದು ಸಂಪ್ರದಾಯ. ಪಂಜಾಬಿನ ಮಹಾಕಥನದ ನಡುವೆ ಅಂಕಮ್ಮ ಎಂಬ ನಮ್ಮ ಸೀಮೆಯ ಹೆಸರು ಕಂಡರೆ ಎದೆ ತುಂಬಿ ಬರುತ್ತದೆ.

ಕೊನೆಗೆ ಐವರೂ ಹೊಸ ಬಟ್ಟೆ ಉಟ್ಟು ಡೇರೆಯಿಂದ ಜೀವಂತವಾಗಿ ಹೊರಬರುತ್ತಾರೆ. ಕಬ್ಬಿಣದ ಬಟ್ಟಲಿನ ನೀರಿಗೆ ಬತ್ತಾಸು ಹಾಕಿ, ಎರಡಲಗಿನ ಕತ್ತಿಯಿಂದ ಕಲಕಿ, ಐವರಿಗೂ ಒಂದೇ ಬಟ್ಟಲಿನಿಂದ ಕುಡಿಸುತ್ತಾರೆ. ಬೇರೆ ಬೇರೆ ಜಾತಿಯವರು ಒಂದೇ ಬಟ್ಟಲಿಗೆ ಬಾಯಿಟ್ಟದ್ದು ಆ ಕಾಲಕ್ಕೆ ಎಂಥ ಮಾತು ಎಂದು ನಮ್ಮ ಊರುಗಳ ಎರಡು ಲೋಟದ ಹೋಟೆಲುಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಗುರುಗಳೇ ಆ ಐವರ ಮುಂದೆ ಕೈಜೋಡಿಸಿ, ತಮಗೂ ಕೊಡಿ ಎಂದು ಕೇಳಿ ಕುಡಿಯುತ್ತಾರೆ. ಖಾಲ್ಸಾ, ಅಂದರೆ ದೀಕ್ಷೆ ಪಡೆದ ಸಿಖ್ಖರ ಸಮುದಾಯ, ಹುಟ್ಟಿದ್ದು ಹೀಗೆ. ಎಲ್ಲರ ಹೆಸರಿನ ತುದಿಗೂ ಸಿಂಗ್ ಸೇರಿತು, ಸಾಹಿಬ್ ಚಂದ್ ಸಾಹಿಬ್ ಸಿಂಗ್ ಆದರು. 1704ರ ಡಿಸೆಂಬರಿನಲ್ಲಿ, ಕೆಲವರ ಲೆಕ್ಕದಲ್ಲಿ 1705, ಮೊಘಲ್ ಪಡೆಯ ಎದುರು ನಡೆದ ಚಮಕೌರ್‌ನ ಕದನದಲ್ಲಿ ಅವರು ಮಡಿದರು. ಗುರುಗಳ ಇಬ್ಬರು ದೊಡ್ಡ ಮಕ್ಕಳೂ ಅದೇ ಕದನದಲ್ಲಿ ಹೋದರು.

ಇದೇ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಸಾಹಿಬ್ ಸಿಂಗರಿಗಿಂತ ಐದು ಶತಮಾನ ಹಿಂದೆ, ಬಸವಣ್ಣನವರ ಆಪ್ತರಾಗಿದ್ದವರು ಹಡಪದ ಅಪ್ಪಣ್ಣ. ನಮ್ಮಲ್ಲಿ ಕ್ಷೌರಿಕ ವೃತ್ತಿಯ ಸಮುದಾಯ ಇಂದು ತನ್ನ ಹಿರಿಯನೆಂದು ಗೌರವಿಸುವುದು ಅವರನ್ನೇ. ಶರಣರಿಗೂ ಸಿಖ್ ಗುರುಗಳಿಗೂ ನೇರ ನಂಟು ಇತ್ತೆಂದು ಹೇಳಲು ಆಧಾರ ಇಲ್ಲ, ಹೇಳಬಾರದು. ಆದರೆ ಅರ್ಥ ಮಾಡಿಕೊಳ್ಳಲು ಈ ಹೋಲಿಕೆ ನೆರವಾಗುತ್ತದೆ. ನಾನಕರ ಬೋಧನೆಯನ್ನು ಮೂರು ಮಾತಿನಲ್ಲಿ ಹೇಳುತ್ತಾರೆ: ನಾಮ್ ಜಪೋ, ಕಿರತ್ ಕರೋ, ವಂಡ್ ಛಕೋ. ದೇವರ ನೆನೆ, ದುಡಿದು ಉಣ್ಣು, ಹಂಚಿಕೊಂಡು ಉಣ್ಣು. ಕಿರತ್ ಎಂದಾಗ ಕಾಯಕವನ್ನು, ವಂಡ್ ಛಕೋ ಎಂದಾಗ ದಾಸೋಹವನ್ನು ನೆನೆದರೆ ಕನ್ನಡಿಗರಿಗೆ ಮುಕ್ಕಾಲು ಪಾಲು ತಿಳಿದಂತೆಯೇ.

ಜನವಾಡದಲ್ಲಿ ಉಳಿದ ಹೆಣ್ಣುಮಗಳು

ಬೀದರಿನಿಂದ ಹತ್ತು ಹನ್ನೊಂದು ಕಿಲೋಮೀಟರ್ ದೂರದ ಜನವಾಡದಲ್ಲಿ ಇನ್ನೊಂದು ಗುರುದ್ವಾರ ಇದೆ. ಅದು ಮಾಯಿ ಭಾಗೋ ಅವರ ತಪೋಸ್ಥಾನ. ಅಮೃತಸರ ಕಡೆಯ ಝಬಾಲ್ ಎಂಬ ಹಳ್ಳಿಯ ಹೆಣ್ಣುಮಗಳು. ಮೊಘಲ್ ಪಡೆ ಆನಂದಪುರಕ್ಕೆ ಹಾಕಿದ ಮುತ್ತಿಗೆಯಲ್ಲಿ ಹಸಿವು ತಾಳಲಾರದೆ ನಲವತ್ತು ಮಂದಿ ಸಿಖ್ಖರು "ನೀವು ನಮ್ಮ ಗುರುವಲ್ಲ, ನಾವು ನಿಮ್ಮ ಶಿಷ್ಯರಲ್ಲ" ಎಂದು ಗುರು ಗೋವಿಂದ ಸಿಂಗರಿಗೆ ಬರೆದುಕೊಟ್ಟು ಮನೆಗೆ ಹೊರಟಿದ್ದರು. ಅವರನ್ನು ನಾಚಿಸಿ, ತಾನೇ ಕುದುರೆ ಏರಿ, ಮತ್ತೆ ರಣರಂಗಕ್ಕೆ ಕರೆತಂದವರು ಮಾಯಿ ಭಾಗೋ. ಖಿದ್ರಾಣಾ ಎಂಬ ಕೆರೆಯ ದಂಡೆಯಲ್ಲಿ ಆ ನಲವತ್ತು ಜನ ಹೋರಾಡಿ ಸತ್ತರು. ಕೊನೆಯುಸಿರಿನಲ್ಲಿದ್ದ ಮಹಾನ್ ಸಿಂಗ್ ಕೇಳಿಕೊಂಡದ್ದು ಒಂದೇ, ಆ ಕಾಗದ ಹರಿದು ಹಾಕಿ ಎಂದು. ಗುರುಗಳು ಹರಿದರು. ಆ ಊರು ಈಗ ಮುಕ್ತಸರ, ಮುಕ್ತಿ ಪಡೆದವರ ಕೊಳ.

ಗಾಯಗೊಂಡು ಬದುಕಿ ಉಳಿದ ಮಾಯಿ ಭಾಗೋ ಗುರುಗಳ ಅಂಗರಕ್ಷಕರ ಜೊತೆ ದಕ್ಷಿಣಕ್ಕೆ, ನಾಂದೇಡಿಗೆ ಬಂದರು. 1708ರ ಅಕ್ಟೋಬರಿನಲ್ಲಿ ಗುರುಗಳು ಹೋದ ಮೇಲೆ ಅವರು ಪಂಜಾಬಿಗೆ ಮರಳಲಿಲ್ಲ. ಜನವಾಡದಲ್ಲಿ ನೆಲೆಸಿ, ಧ್ಯಾನದಲ್ಲಿ ಕಾಲ ಕಳೆದು, ಮುಪ್ಪಿನಲ್ಲಿ ಇಲ್ಲಿಯೇ ಮಣ್ಣಾದರು ಎಂದು ಸಂಪ್ರದಾಯ.

ನಾಂದೇಡಿನ ಹೆಸರು ಇಲ್ಲಿ ಮತ್ತೆ ಮತ್ತೆ ಬರಲು ಕಾರಣ ಇದೆ. ಸಿಖ್ಖರ ಐದು 'ತಖ್ತ್'ಗಳಲ್ಲಿ, ಅಂದರೆ ಧರ್ಮಪೀಠಗಳಲ್ಲಿ ಒಂದಾದ ಹಜೂರ್ ಸಾಹಿಬ್ ಅಲ್ಲಿದೆ. ಈಗಿನ ಕಟ್ಟಡ 1830ರ ದಶಕದಲ್ಲಿ ಪಂಜಾಬಿನ ಮಹಾರಾಜ ರಣಜಿತ್ ಸಿಂಗ್ ಕಟ್ಟಿಸಿದ್ದು. ನಾಂದೇಡಿಗೆ ಬಂದ ಯಾತ್ರಿಕರು ಬೀದರಿಗೂ ಬರುತ್ತಾರೆ. ಧರ್ಮಸ್ಥಳಕ್ಕೆ ಹೋದವರು ಸುಬ್ರಹ್ಮಣ್ಯಕ್ಕೂ ಹೋಗಿಬರುವ ಹಾಗೆ.

ಒರತೆಯಿಂದ ಇಂದಿನ ಗುರುದ್ವಾರಕ್ಕೆ

ನಾಂದೇಡ್, ಬೀದರ್ ಎರಡೂ ಬಹುಕಾಲ ಹೈದರಾಬಾದ್ ನಿಜಾಮರ ರಾಜ್ಯದಲ್ಲಿದ್ದವು. 1830ರ ದಶಕದಲ್ಲಿ ನಿಜಾಮರ ದಿವಾನ ಚಂದೂಲಾಲರ ಕಾಲಕ್ಕೆ ರಣಜಿತ್ ಸಿಂಗರ ಕಡೆಯಿಂದ ಒಂದು ಸಿಖ್ ಪಡೆ ಹೈದರಾಬಾದಿಗೆ ಬಂತು. ಅವರಲ್ಲಿ ಅನೇಕರು ಇಲ್ಲೇ ನಿಂತರು. ದಖ್ಖನಿ ಸಿಖ್ಖರು ಎಂದು ಕರೆಸಿಕೊಳ್ಳುವ ಅವರ ಮನೆತನಗಳು ಈ ಕಡೆಯ ಭಾಷೆಗಳನ್ನು ನಮ್ಮಷ್ಟೇ ಸಲೀಸಾಗಿ ಆಡುತ್ತವೆ.

ಈಗಿನ ಗುರುದ್ವಾರ ಕಟ್ಟಿದ್ದು 1948ರಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಬೀದರ್ ಆಗಿನ ಮೈಸೂರು ರಾಜ್ಯಕ್ಕೆ ಬಂತು, ನಾಂದೇಡ್ ಮುಂಬಯಿ ರಾಜ್ಯದ ಪಾಲಾಯಿತು. ಒಂದೇ ಯಾತ್ರೆಯ ಎರಡು ಊರುಗಳ ನಡುವೆ ರಾಜ್ಯದ ಗಡಿ ಬಿದ್ದರೂ ಯಾತ್ರೆ ನಿಲ್ಲಲಿಲ್ಲ. 1980ರಲ್ಲಿ ಗುರುನಾನಕರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಶುರುವಾಗಿ ಉತ್ತರದ ವಿದ್ಯಾರ್ಥಿಗಳು ಬೀದರಿಗೆ ಬಂದರು. ನೋವಿನ ಪುಟವೂ ಇದೆ. 1988ರ ಸೆಪ್ಟೆಂಬರಿನಲ್ಲಿ ಬೀದರಿನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ನಡೆದ ಹಿಂಸೆಯಲ್ಲಿ ಹಲವು ಯುವಕರು ಪ್ರಾಣ ಕಳೆದುಕೊಂಡರು. ಈ ಊರಿನ ಕಥೆ ಹೇಳುವಾಗ ಅದನ್ನು ದಾಟಿ ಹೋಗುವುದು ಸರಿಯಲ್ಲ.

ಒಳಗೆ ಹೋದಾಗ

ಯಾರು ಬೇಕಾದರೂ ಹೋಗಬಹುದು. ಜಾತಿ, ಮತ ಯಾರೂ ಕೇಳುವುದಿಲ್ಲ. ತಲೆ ಮುಚ್ಚಿರಬೇಕು, ಗಂಡಸರೂ ಹೆಂಗಸರೂ ಇಬ್ಬರೂ. ಕರವಸ್ತ್ರ, ಸೆರಗು, ದುಪ್ಪಟ್ಟಾ ಸಾಕು. ಚಪ್ಪಲಿ ಹೊರಗೆ ಬಿಟ್ಟು ಕೈಕಾಲು ತೊಳೆದು ಹೋಗಬೇಕು. ಬೀಡಿ, ಸಿಗರೇಟು, ಗುಟ್ಕಾ ಜೇಬಿನಲ್ಲಿ ಕೂಡ ಬೇಡ. ಗ್ರಂಥದ ಮುಂದೆ ತಲೆಬಾಗಿ, ನೆಲದ ಮೇಲೆ ಗ್ರಂಥದ ಕಡೆ ಕಾಲು ಚಾಚದೆ ಕೂತು ಕೀರ್ತನೆ ಕೇಳಬಹುದು. ಪ್ರಸಾದಕ್ಕೆ ಎರಡೂ ಕೈ ಜೋಡಿಸಿ ಒಡ್ಡಿ. ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಸಮಪ್ರಮಾಣದಲ್ಲಿ ಹಾಕಿ ಮಾಡಿದ ಬಿಸಿ ಕಡಾ ಪ್ರಸಾದ ಅದು, ಅಂಗೈ ತುಪ್ಪವಾಗುತ್ತದೆ.

ಒಂಬತ್ತನೇ ಗುರು ತೇಗ್ ಬಹಾದೂರರ ನೆನಪಿನ ಒಂದು ಸಣ್ಣ ವಸ್ತುಸಂಗ್ರಹಾಲಯವೂ ಆವರಣದಲ್ಲಿದೆ. ಸಿಖ್ ಇತಿಹಾಸದ ಘಟನೆಗಳ ಚಿತ್ರಗಳಿವೆ. ಮಕ್ಕಳ ಜೊತೆ ಹೋದರೆ ಮೊದಲು ಅದನ್ನು ತೋರಿಸುವುದು ಒಳ್ಳೆಯದು.

ಲಂಗರಿನಲ್ಲಿ ಊಟಕ್ಕೆ ದುಡ್ಡಿಲ್ಲ. ಎಷ್ಟು ಬೇಕೋ ಅಷ್ಟೇ ಹಾಕಿಸಿಕೊಳ್ಳಿ, ಚೆಲ್ಲಬೇಡಿ. ರೊಟ್ಟಿಯನ್ನೂ ಎರಡು ಕೈ ಒಡ್ಡಿಯೇ ಪಡೆಯುವುದು ರೂಢಿ. ಉಂಡ ಮೇಲೆ ತಟ್ಟೆ ತೊಳೆಯುವ ಸಾಲಿನಲ್ಲಿ ನಿಂತು ಹತ್ತು ತಟ್ಟೆ ತೊಳೆಯಲು ಮನಸ್ಸಾದರೆ ಯಾರೂ ಬೇಡ ಎನ್ನುವುದಿಲ್ಲ. ಅದನ್ನು 'ಸೇವಾ' ಎನ್ನುತ್ತಾರೆ.

ಹೊರಡುವ ಮುನ್ನ ಒರತೆಯ ನೀರು ಕುಡಿಯಿರಿ. ದೂರದಿಂದ ಬಂದವರು ಬಾಟಲಿಯಲ್ಲಿ ತುಂಬಿಕೊಂಡು ಊರಿಗೂ ಒಯ್ಯುತ್ತಾರೆ. ಸಮಯ ಇದ್ದರೆ ಅದೇ ದಿನ ಝರಣಿ ನರಸಿಂಹಕ್ಕೂ ನೌಬಾದಿನ ಸುರಂಗ ಬಾವಿಗೂ ಹೋಗಿ ಬನ್ನಿ. ಅಲ್ಲಿ ಗೋಡೆಯ ಕೆಂಪು ಕಲ್ಲಿಗೆ ಕೈಯಿಟ್ಟು ನೋಡಿದರೆ ಒಳಗಿನಿಂದ ಇಳಿಯುತ್ತಿರುವ ತಂಪು ಅಂಗೈಗೆ ತಾಗುತ್ತದೆ.